ಬಿಚ್ಚಿಸಿದ ಎರಡು ಸರಪಳಿಗಳ ಬಗ್ಗೆ

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ನನ್ನ ಅಣ್ಣನ ಸಾವಿಗೆ ‘ಸರಕನ್ನು ಭದ್ರವಾಗಿ ಕಟ್ಟದ ಮೃತರ ನಿರ್ಲಕ್ಷ್ಯವೇ ಕಾರಣ’ ಎಂದು ತಾವು ವರದಿ ಬರೆದಿದ್ದೀರಿ. ಅಕ್ಷರ ದುಂಡಗಿದೆ, ಮೊಹರು ನೆಟ್ಟಗೆ ಬಿದ್ದಿದೆ. ಸುಳ್ಳನ್ನು ಇಷ್ಟು ಅಚ್ಚುಕಟ್ಟಾಗಿ ಬರೆಯಲು ಎಷ್ಟು ವರ್ಷದ ಸೇವಾನುಭವ ಬೇಕು ಸ್ವಾಮಿ?

ಅಣ್ಣ ಮೆಕ್ಯಾನಿಕ್. ಗುಜರಿಗೆ ಬಿದ್ದಿದ್ದ ಅರವತ್ತೈದು ವರ್ಷದ ಟ್ರ್ಯಾಕ್ಟರನ್ನು ತಂದು, ಆರು ವರ್ಷ ಒದ್ದಾಡಿ ಓಡುವಂತೆ ಮಾಡಿದ್ದ. ಅಂದು ಅದನ್ನು ಟ್ರೇಲರ್ ಮೇಲೇರಿಸಿ, ನಾನು ಓಡಿಸುವ ಗಾಡಿಗೆ ಜೋಡಿಸಿ ಹಳೆಯ ವಾಹನಗಳ ಪ್ರದರ್ಶನಕ್ಕೆ ಹೊರಟಿದ್ದೆವು. ಮುಂದೆ ಎರಡು, ಹಿಂದೆ ಎರಡು ಸರಪಳಿ. ಪ್ರತಿಯೊಂದನ್ನೂ ಬಿಗಿದು, ಕಾಲಿಂದ ಮೆಟ್ಟಿ ನೋಡಿ, ಆಮೇಲೆ ನನ್ನಿಂದಲೂ ಎಳೆಸಿದ. ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಮತ್ತೆ ಅದೇ ಪಾಡು.

“ಇದೇನು ಓಡಿಹೋಗೋ ಕಳ್ಳನಾ ಅಣ್ಣ?” ಎಂದೆ.

“ನಮ್ಮಿಬ್ಬರಿಗಿಂತ ದೊಡ್ಡದು ಕಣೋ. ವಯಸ್ಸಾದವರನ್ನ ಹಿಡ್ಕೊಂಡೇ ಕರ್ಕೊಂಡು ಹೋಗ್ಬೇಕು” ಎಂದ.

ಇಂಥವನು ಕಟ್ಟಲಿಲ್ಲವೇ? ತಮ್ಮ ತಪಾಸಣಾ ಗೇಟಿನಲ್ಲಿ ಟ್ರ್ಯಾಕ್ಟರಿನ ನಂಬರು ಕಾಣುತ್ತಿಲ್ಲವೆಂದು ಮುಂದಿನ ಎರಡೂ ಸರಪಳಿ ಬಿಚ್ಚಿಸಿದವರು ತಾವು. ನಂಬರು ಸರಿಯಾಗಿಯೇ ಇತ್ತು. “ಕಟ್ಟೋಕೆ ಐದು ನಿಮಿಷ ಕೊಡಿ ಸಾರ್” ಎಂದ ಅಣ್ಣ. “ಹಿಂದೆ ಸಾಲು ಕಾಣಲ್ವಾ? ಮುಂದೆ ಹೋಗಿ ಕಟ್ಕೊಳ್ಳಿ, ಹೊರಡಿ” ಎಂದಿರಿ. ಗೇಟು ದಾಟಿದರೆ ಕಡಿದಾದ ಏರು ಎಂಬುದು, ದಿನವೂ ಅಲ್ಲೇ ಕುರ್ಚಿ ಹಾಕಿ ಕೂರುವ ತಮಗೆ ತಿಳಿಯದೇ?

ಏರಿನಲ್ಲಿ ಮುಂದಿನ ಸರಪಳಿಗಳ ಹಿಡಿತವಿಲ್ಲದೆ ಟ್ರ್ಯಾಕ್ಟರು ಹಿಂದಕ್ಕೆ ವಾಲಿ ಚಕ್ರಕ್ಕೆ ಒಡ್ಡಿದ್ದ ಮರದ ತುಂಡು ಜಾರಿತು. ಗಾಡಿ ನಿಲ್ಲಿಸಿದೆ. ಅದನ್ನು ಮತ್ತೆ ಒಡ್ಡಲು ಅಣ್ಣ ಹಿಂದಕ್ಕೆ ಓಡಿದ. ಆರು ವರ್ಷ ಸಾಕಿದ ಟ್ರ್ಯಾಕ್ಟರು ಅವನ ಮೇಲೆಯೇ ಬಂತು.

ವರದಿ ಓದಿದ ಅತ್ತಿಗೆ ಕೇಳಿದ್ದು ಒಂದೇ ಮಾತು: “ನಿಜ ಹೇಳು, ಅವರು ಕಟ್ಟೋದು ಮರೆತ್ರಾ?” ಇಲ್ಲ ಅತ್ತಿಗೆ ಎಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಮವಸ್ತ್ರ ಕಂಡರೆ ನನಗೆ ಮೊದಲಿಂದಲೂ ಭಯ. ಕಟ್ಟದೆ ಹೊರಡೋದು ಬೇಡ ಎಂದು ಅಣ್ಣ ಅಂದು ಗೇಟಿನಲ್ಲಿ ಗಾಡಿ ಹತ್ತದೆ ನೆಲದ ಮೇಲೆಯೇ ನಿಂತಿದ್ದ. “ಸುಮ್ನೆ ಹತ್ತಣ್ಣ, ಮುಂದೆ ಕಟ್ಟೋಣ” ಎಂದು ಗಾಡಿ ಹೊರಡಿಸಿದವನು ನಾನು.

ಪರಿಹಾರ ಬೇಡ. ವರದಿ ತಿದ್ದಿ. ಸರಪಳಿ ಬಿಚ್ಚಿಸಿದ್ದು ಯಾರು, ಕಟ್ಟಲು ಬಿಡದವರು ಯಾರು ಎಂದು ಬರೆಯಿರಿ. ಕೆಳಗೆ ಒಂದು ಸಾಲು ಜಾಗ ಬಿಡಿ, ಗಾಡಿ ಓಡಿಸಿದವನ ಹೆಸರು ನಾನೇ ಬರೆದು ಸಹಿ ಹಾಕುತ್ತೇನೆ. ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ, ಅತ್ತಿಗೆ ನಾಳೆ ಅದರಲ್ಲಿ ಓದುತ್ತಾರೆ. ಎದುರು ಕೂತು ಹೇಳುವ ಧೈರ್ಯ ನನಗಾಗಲಿಲ್ಲ.

ಇಂತಿ,
ಅಣ್ಣ ಬೇಡವೆಂದರೂ ಹೊರಟ ತಮ್ಮ