ಕಂಬ ತೆಗೆಸಿದ ಹಜಾರ

ಶಿರಾ ಗೇಟ್, ತುಮಕೂರು
೨೫-೮-೨೦೨೪

ಪ್ರೀತಿಯ ತಮ್ಮ ಪ್ರದ್ಯುಮ್ನನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆಯೋ? ಮೈಸೂರಿನ ಥಂಡಿಗೆ ಕಾಲಿಗೆ ಬೆಚ್ಚಗೆ ಹೊದ್ದುಕೊಂಡು ಮಲಗು. ನಾನು ಮಗಳ ಮನೆಯಲ್ಲಿ ಚೆನ್ನಾಗಿದ್ದೇನೆ. ನಿನ್ನೆ ನೀನು ಹೇಳುವುದನ್ನು ಹೇಳಿ ಫೋನ್ ಇಟ್ಟುಬಿಟ್ಟೆ, ಆಮೇಲೆ ಎತ್ತಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಮ್ಮ ತಾತ ಸೀತಾರಾಮಯ್ಯನವರು ಗುಬ್ಬಿ ಕಡೆಯ ಇನಾಂ ಹಳ್ಳಿಗಳ ಜೋಡಿದಾರರಾಗಿ ಕಂದಾಯ ಎತ್ತುತ್ತಿದ್ದಾಗ ಚಿಕ್ಕಪೇಟೆಯಲ್ಲಿ ಆ ಮನೆ ಕಟ್ಟಿಸಿದರು. ಸಾರೋಟು ಒಳಗೆ ಬರುವಷ್ಟು ಅಗಲದ ಬಾಗಿಲು, ತೇಗದ ಕಂಬಗಳ ಹಜಾರ. ಅತ್ತೆಯ ಮದುವೆಯಲ್ಲಿ ಮಂಟಪ ಎಲ್ಲರಿಗೂ ಕಾಣಲೆಂದು ನಡುವಿನ ಕಂಬ ತೆಗೆಸಿ, ಉದ್ದನೆಯ ಒಂದೇ ತೊಲೆ ಹಾಕಿಸಿದರು. ಅಂದಿನಿಂದ ಮಹಡಿಯಲ್ಲಿ ಒಂದು ಮೂಟೆ ಭತ್ತ ಇಡಲೂ ಬಿಡಲಿಲ್ಲ. ಇನಾಂ ರದ್ದಾಗಿ ಜೋಡಿ ಹಳ್ಳಿಗಳು ಕೈಬಿಟ್ಟುಹೋದವು. ಅಪ್ಪನ ಕಾಲಕ್ಕೆ ಹಜಾರ ಕೊಬ್ಬರಿ ಗೋದಾಮಾಯಿತು. ಅಪ್ಪನೂ ಭಾರವನ್ನೆಲ್ಲ ಕೆಳಗೇ ಇಡಿಸಿದರು. ನೀನು ಗಾರ್ಮೆಂಟ್ಸ್‌ನವರಿಗೆ ಬಾಡಿಗೆಗೆ ಕೊಟ್ಟ ಮೇಲೆ ಅಲ್ಲಿ ಹೊಲಿಗೆ ಮೆಷಿನ್‌ಗಳು ಬಂದವು. ನನಗೇನೂ ಬೇಸರವಾಗಲಿಲ್ಲ ಕಣೋ. ನಾವು ಹೆಣ್ಣುಮಕ್ಕಳು ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಹಜಾರದಲ್ಲಿ ಅಷ್ಟೊಂದು ಹೆಂಗಸರು ಕೂತು ದುಡಿಯುವುದನ್ನು ನೋಡಿ ಖುಷಿಯೇ ಆಗಿತ್ತು.

ಮೊನ್ನೆ ಶ್ರಾವಣ ಶುಕ್ರವಾರ ಅವರಿಗೆ ಅರಿಶಿನ ಕುಂಕುಮ ಕೊಡಲು ಹೋದೆ. ಹೊಸದಾಗಿ ಮಹಡಿಗೂ ಮೆಷಿನ್ ಏರಿಸಿದ್ದರು. ಮೇಲಿನಿಂದ ಸುಣ್ಣದ ಪುಡಿ ನನ್ನ ತಟ್ಟೆಗೇ ಉದುರಿತು. ತಲೆಯೆತ್ತಿದರೆ ತೊಲೆ ಬಾಗಿ ಸೀಳು ಬಿಟ್ಟಿತ್ತು. ಮ್ಯಾನೇಜರ್ ರುದ್ರಯ್ಯನಿಗೆ ತೋರಿಸಿದೆ. "ನಿಮ್ ತಮ್ಮನ್ನ ಕೇಳೇ ಹಾಕ್ಸಿರೋದು ಅಜ್ಜಿ. ಬಟ್ಟೆ ಲೋಡ್ ಹೋಗ್ಬೇಕು, ಸುಮ್ನೆ ಹೆದರುಸ್ಬೇಡಿ," ಎಂದ. ಅವನ ಫೋನಿನಿಂದಲೇ ನಿನಗೆ ಹೇಳಿದೆ. "ತಾತನ ಕಾಲದ ಹೆದರಿಕೆ ಬಿಡಕ್ಕ, ಏನೂ ಆಗಲ್ಲ," ಎಂದೆ ನೀನು. ಅಷ್ಟರಲ್ಲಿ ಮೇಲೆ ಏನೋ ಲಟಕ್ಕೆಂದಿತು. ನನಗೇನು ತೋಚಿತೋ, ಗೋಡೆಯಲ್ಲಿದ್ದ ಮೇನ್ ಸ್ವಿಚ್ ಎಳೆದುಬಿಟ್ಟೆ. ಮೆಷಿನ್‌ಗಳ ಸದ್ದು ನಿಂತಿತು. ಆಗ ಮರ ಲಟಲಟ ಎನ್ನುವುದು ಎಲ್ಲರಿಗೂ ಕೇಳಿಸಿತು. ಅಲ್ಲಿ ಸೂಪರ್‌ವೈಸರ್ ಆಗಿರುವ ಶಾಂತಲಾ, ಕುಣಿಗಲ್ ಕಡೆ ಮಾರ್ಕೋನಹಳ್ಳಿಯವಳು, "ಎದ್ದೇಳ್ರೇ! ಬಟ್ಟೆ ಬುಡ್ರೇ, ಆಚೆ ನಡೀರಿ!" ಎಂದು ಕೂಗುತ್ತಲೇ ಮಹಡಿಗೆ ಓಡಿ ಮೇಲಿನವರನ್ನೂ ಇಳಿಸಿದಳು. ನನ್ನನ್ನು ಯಾರೋ ಬೀದಿಗೆ ಎಳೆದು ತಂದರು. ಎಲ್ಲರ ಹಿಂದೆ ಮೆಟ್ಟಿಲಲ್ಲಿ ಉಳಿದವಳು ಅವಳೊಬ್ಬಳೇ. ತೊಲೆ ಮುರಿದು ಮಹಡಿ ಮೆಷಿನ್‌ಗಳ ಸಮೇತ ಕುಸಿಯಿತು. ಆ ಧೂಳಿನಲ್ಲಿ ಅವಳ ಹೆಸರು ಹಿಡಿದು ಕೂಗಿದೆ, ಕೂಗಿದೆ. ಕೊನೆಗೆ ನರಳುವ ಸದ್ದು ಕೇಳಿ ಗಂಡಸರು ಹೊರತೆಗೆದರು. ಜೀವ ಉಳಿದಿದೆ. ಬಲಗಾಲು ಉಳಿಯುವುದೋ ಇಲ್ಲವೋ, ಇನ್ನೂ ನಾಲ್ಕು ದಿನ ನೋಡಬೇಕು ಎನ್ನುತ್ತಾರೆ ಡಾಕ್ಟರು. ಉಳಿದವರಿಗೆಲ್ಲ ತರಚಿದ ಗಾಯ ಅಷ್ಟೇ.

ನಾದಿನಿ ಅನುಪಮಾಗೆ ನಾನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಅಲಮೇಲಮ್ಮ

ತಾ.ಕ.: ಕೊರಿಯರ್‌ನವನು ಕಾಯುತ್ತಿದ್ದಾನೆ. ನಿನ್ನೆ "ಮಹಡಿ ವಿಷಯ ನಮಗೆ ಗೊತ್ತೇ ಇರಲಿಲ್ಲ ಅಂದ್ಬಿಡಕ್ಕ," ಎಂದೆಯಲ್ಲ, ಅದು ನನ್ನ ಕೈಲಾಗದು. ಗುರುವಾರ ಪೊಲೀಸರು ನನ್ನ ಹೇಳಿಕೆ ತೆಗೆದುಕೊಳ್ಳುತ್ತಾರೆ. ಮೊನ್ನೆ ರುದ್ರಯ್ಯನ ಫೋನಿನಲ್ಲಿ ನೀನು ಅಂದದ್ದನ್ನೂ ಹೇಳುತ್ತೇನೆ. ಅದಕ್ಕೆ ಮೊದಲೇ ನೀನು ಬಾ. ಸೀದಾ ಆಸ್ಪತ್ರೆಗೆ ಹೋಗೋಣ. ಶಾಂತಲಾಳ ಮಂಚದ ಪಕ್ಕ ನಿಂತು "ಗೊತ್ತಿರಲಿಲ್ಲ" ಎನ್ನಲು ನಿನಗೆ ಬಾಯಿ ಬರುತ್ತದೋ ನೋಡೋಣ.