ಶಿಉಲಿ ಎಂದು ಕರೆದಾಗ

ನವೆಂಬರ್ ೮, ಶುಕ್ರವಾರ. ಢಾಕಾ.

ತಪ್ಪು ನನ್ನದೇ. ದರ್ಜಿ ಅಂಗಡಿಯ ಮೇಲೆ, ಗಂಡಾಗಿ ಹುಟ್ಟಿದರೂ ಒಳಗೆ ಹೆಣ್ಣಾಗಿರುವ ನಮ್ಮಂಥವರು ಸೇರುವ ಕೋಣೆಯಲ್ಲಿ ನಾನು ಶಿಉಲಿ, ಮನೆಯಲ್ಲಿ ಇಮ್ತಿಯಾಜ್. ಹೊರಡುವಾಗ ನಮಗೆಲ್ಲ ಹಿರಿಯಕ್ಕನಂತಿರುವ ರೂಬಿ ಆಪಾ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೂ ಮನೆಯವರಿಟ್ಟ ಹೆಸರಿನಿಂದ ಕೂಗುತ್ತಾರೆ. ಹೊರಗೆ ಯಾರೂ ಬಾಯಿ ತಪ್ಪದಿರಲೆಂದು, ಆ ಹೆಸರಿಗೆ ಓಗೊಟ್ಟ ಮೇಲೇ ಮೆಟ್ಟಿಲಿಳಿಯಲು ಬಿಡುವುದು. ಇಂದು ಅವಸರದಲ್ಲಿ ನುಸುಳಿಕೊಂಡು ಬಂದೆ. "ಏಯ್, ಗಂಡಸಾಗದೇ ಹೋಗ್ತಿದೀಯಲ್ಲೇ!" ಎಂದು ಆಪಾ ಹಿಂದಿನಿಂದ ನಗುತ್ತಿದ್ದರು.

ಮೀನು ಮಾರುಕಟ್ಟೆಯಲ್ಲಿ ಅಣ್ಣ ಕಾಯುತ್ತಿದ್ದ. ಅಲ್ಲೊಬ್ಬ ತಾಯಿ ತನ್ನ ಮಗಳನ್ನು "ಶಿಉಲಿ!" ಎಂದು ಕೂಗಿದಳು. ನಾನು "ಆಂ?" ಎಂದು ತಿರುಗಿಬಿಟ್ಟೆ.

"ನಿನ್ನನ್ಯಾರು ಕರೆದ್ರೋ?" ಅಂದ ಅಣ್ಣ.

"ಯಾರೂ ಇಲ್ಲ ಭಾಯ್, ಸುಮ್ನೆ."

ಮನೆಯ ದಾರಿಯಲ್ಲಿ ಅವನು ಎರಡು ಸಲ ತಿರುಗಿ ನನ್ನನ್ನೇ ನೋಡಿದ.

ನಿಮಗೇ ಅಂತ ಬೇರೆ ಕೋಣೆ ಯಾಕೆ ಬೇಕು ಎಂದು ಕಾಲೇಜಿನ ಗೆಳತಿ ಒಮ್ಮೆ ಕೇಳಿದ್ದಳು. ಕರೆದರೆ ಯೋಚಿಸದೆ ಓಗೊಡಲು. ಅಷ್ಟಕ್ಕೇ.

ಊಟಕ್ಕೆ ಕೂತಾಗ ಅಣ್ಣ ಎಲ್ಲ ಮರೆತವನಂತಿದ್ದ. ನನಗೂ ಉಸಿರು ಬಂತು. ಅವನು ಮೀನಿನ ಮುಳ್ಳು ಬಿಡಿಸುತ್ತ, ತಲೆ ಎತ್ತದೆ, ಮೆಲ್ಲಗೆ ಅಂದ: "ಶಿಉಲಿ, ಸ್ವಲ್ಪ ನೀರು ಕೊಡು."

ನನ್ನ ಕೈ ಆಗಲೇ ಜಗ್ಗಿನ ಮೇಲಿತ್ತು.