ಕರುಳು ಒಪ್ಪಿದ ಹಂದಿ

ಡಾಕ್ಟರಮ್ಮನವರಿಗೆ,

ಎದುರಿಗೆ ನಿಂತು ಹೇಳಿದರೆ ಕೇಳಲಿಲ್ಲ, “ಬರೆದುಕೊಡಿ ಅಜ್ಜಿ” ಅಂದಿರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಲಿ ಪತ್ರ ಬರೆಸುತ್ತೀರಲ್ಲ, ನಿಮಗೆ ಬೇರೆ ಕೆಲಸವಿಲ್ಲವೇ?

ನಾನು ಮೇವು ಹಾಕುವ ಕೊನೆಯ ಗೂಡಿನ ಹಂದಿಗೆ ನೀವು ಇನ್ನೊಂದು ಹಂದಿಯ ಕರುಳು ಜೋಡಿಸಿದಿರಿ. ಹಾಗೇ ಜೋಡಿಸಿದ ಜೊತೆಯವೆಲ್ಲ ಅದು ಮೈಗೆ ಒಗ್ಗದೆ, ಭೇದಿ ಹತ್ತಿ ಸತ್ತವು. ಇವಳು ಬಾನಿ ನೆಕ್ಕಿ ಇನ್ನೂ ತಾ ಅನ್ನುತ್ತಾಳೆ. ಕರುಳಿನ ತುದಿ ಕಾಣಲೆಂದು ಹೊಟ್ಟೆಯಲ್ಲಿ ನೀವು ಬಿಟ್ಟ ಕಿಂಡಿಯಲ್ಲಿ ನೋಡಿದರೆ ಕರುಳಿನ ಗುಲಾಬಿ ಬಣ್ಣ ಹಾಗೇ ಇದೆ. ಸೊಸೆಯನ್ನು ಒಪ್ಪಿಕೊಳ್ಳಲು ನನಗೆ ವರ್ಷಗಟ್ಟಲೆ ಹಿಡಿಯಿತು. ಇವಳ ಮೈ ಕೆಲವೇ ವಾರಗಳಲ್ಲಿ ಪರರ ಕರುಳನ್ನು ತನ್ನದು ಮಾಡಿಕೊಂಡಿತು.

ಈಗ ಒಳಗೇನು ಬದಲಾಗಿದೆಯೋ ನೋಡಬೇಕು, ಇಪ್ಪತ್ತೊಂದನೇ ತಾರೀಖಿಗೆ ಕೊಂದು ಕೊಯ್ಯುತ್ತೇವೆ, ಹಿಂದಿನ ದಿನ ಉಪವಾಸ ಕೆಡವಿ ಅನ್ನುತ್ತೀರಿ. ನನ್ನ ಕೈಲಾಗುವುದಿಲ್ಲ. ವಾರವಾರ ಕಿಂಡಿಯಿಂದ ಚೂರು ತೆಗೆದು ನೋಡುತ್ತಿದ್ದಿರಲ್ಲ, ಹಾಗೇ ಬಂದು ನೋಡಿಕೊಂಡು ಹೋಗಿ.

ಅವಳನ್ನು ನಮ್ಮ ಹಿತ್ತಲಿಗೆ ಕಳಿಸಿಕೊಡಿ. ಸೊಸೆ ಆಗಲೇ ಬೇಲಿ ಕಟ್ಟಿದ್ದಾಳೆ. “ಅತ್ತೆ, ನಿಮ್ಮ ಬೈಗುಳಕ್ಕೆ ಇನ್ನೊಬ್ಬಳು ಸಿಕ್ಕಳು” ಅಂತ ನಗುತ್ತಾಳೆ. ಮೈ ಕರುಳನ್ನು ತಳ್ಳಿಹಾಕದಂತೆ ಕೊಡುವ ಔಷಧಿಯನ್ನು ಎರಡು ಹೊತ್ತೂ ಗಂಜಿಯಲ್ಲಿ ಕಲಸಿ ಹಾಕುತ್ತೇನೆ. ವಯಸ್ಸಾಗಿ ಕೆಲಸ ಬಿಡುವ ಹೊತ್ತಿಗೆ ನನಗೆ ಇಷ್ಟು ಸಿಕ್ಕರೆ ಸಾಕು, ಬೇರೇನೂ ಬೇಡ.

ಹತ್ತೊಂಬತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.

ಹಂದಿಗೂಡಿನ ಅಜ್ಜಿ